ಕಡಲೆಕಾಯಿ ಪರಿಷೆಗೆ ಹೋಗಿಬಂದುದು
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಮಕ್ಕಳನ್ನು ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದೊಯ್ಯಬೇಕೆಂದು ನಾವು ನಿಶ್ಚಯಿಸಿದಾಗ, ಕಲ್ಯಾಣದುರ್ಗದ ಕಡೆಯ ಪೋಷಕರೊಬ್ಬರು ನನ್ನ ಬಳಿಗೆ ಬಂದು, "ಮೇಷ್ಟ್ರೇ, ಮನೆಯ ಅಂಗಳದಲ್ಲೇ ಕಡಲೆಕಾಯಿ ರಾಶಿ ಬಿದ್ದಿದೆ. ಕಡಲೆಕಾಯಿ ತಿನ್ನುವುದಕ್ಕೆ ಕೈಯಿಂದ ದುಡ್ಡು ಕೊಟ್ಟು ಮಗಳನ್ನು ಬೆಂಗಳೂರಿಗೆ ಕಳುಹಿಸಬೇಕೆ?" ಎಂದು ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆನು; ಆದರೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಇಂದು ನಾನು ಹೇಳಬೇಕೆಂದಿರುವ ನಾಲ್ಕು ಮಾತುಗಳು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ತಾವು ಭಾವಿಸಬೇಕಾಗಿ ಪ್ರಾರ್ಥನೆ.

ಹೊರಡುವ ಮುನ್ನ ಮಕ್ಕಳಿಗೆ ಮೂರು ನಿಯಮಗಳನ್ನು ವಿಧಿಸಿದ್ದೆವು. ಯಾರೂ ೧೫೦ ರೂಪಾಯಿಗಿಂತ ಹೆಚ್ಚು ತರಕೂಡದು. ಖರ್ಚು ಮಾಡಿದ ಪ್ರತಿಯೊಂದು ರೂಪಾಯಿಯನ್ನೂ ಕನ್ನಡದಲ್ಲಿ ಬರೆದಿಡಬೇಕು. ಕೊಳ್ಳುವ ಮನಸ್ಸಿದ್ದ ಕಡೆಯಲ್ಲಿ ಮಾತ್ರ ರುಚಿ ನೋಡಬೇಕು. ಅದೂ ಎರಡು ಕಾಯಿಗೆ ಮೀರಬಾರದು. ತನಗಾಗಿ ಏನನ್ನಾದರೂ ಕೊಳ್ಳುವ ಮೊದಲು ಮನೆಯಲ್ಲಿರುವವರೊಬ್ಬರಿಗೆ ಒಂದು ಕಾಣಿಕೆಯನ್ನು ಆರಿಸಬೇಕು. ಈ ಮೂರರಲ್ಲಿ ಯಾವುದು ಕಠಿನವೆಂದು ಕೇಳಿದರೆ, ಎರಡನೆಯದೆಂದು ಹುಡುಗರೂ ಮೂರನೆಯದೆಂದು ಹುಡುಗಿಯರೂ ಆಮೇಲೆ ಹೇಳಿದರು.

ಕಲ್ಯಾಣದುರ್ಗದ ಮಕ್ಕಳು ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹಿಂದೂಪುರಕ್ಕೆ ಬಂದು ತಂಗಿದ್ದರು. ಬೆಳಗಿನ ರೈಲಿನಲ್ಲಿ ಎಲ್ಲರೂ ಕೂಡಿ ಹೊರಟೆವು. ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು ೧೦೦ ಕಿಲೋಮೀಟರು. ವಿದುರಾಶ್ವತ್ಥದ ನಿಲ್ದಾಣ ಬಂದಾಗ, ೧೯೩೮ರ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹದಲ್ಲಿ ಗುಂಡಿಗೆ ಬಲಿಯಾದವರನ್ನು ನೆನೆದೆವು. ಗೌರಿಬಿದನೂರು ದಾಟಿ, ಮಾಕಳಿದುರ್ಗದ ಬೆಟ್ಟವನ್ನು ಕಿಟಕಿಯಿಂದ ನೋಡುತ್ತ, ದೊಡ್ಡಬಳ್ಳಾಪುರ, ಯಲಹಂಕಗಳನ್ನು ಹಾದು ನಗರವನ್ನು ಸೇರಿದೆವು. ಅಲ್ಲಿಂದ ಮೆಟ್ರೋ ಹಿಡಿದು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು, ಕಾಲ್ನಡಿಗೆಯಲ್ಲಿ ದೊಡ್ಡ ಬಸವನ ಗುಡಿಯ ರಸ್ತೆಗೆ ಬಂದಾಗ ಹುರಿದ ಕಡಲೆಕಾಯಿಯ ವಾಸನೆಯೇ ನಮಗೆ ದಾರಿ ತೋರಿಸಿತು.

ಕಾರ್ತಿಕ ಮಾಸದ ಕಡೆಯ ಸೋಮವಾರ ಈ ಪರಿಷೆಯ ಮುಖ್ಯ ದಿನ. ಈಗ ಅದಕ್ಕೆ ಮುಂಚೆಯೂ ಆಮೇಲೆಯೂ ಕೆಲವು ದಿನ ಅಂಗಡಿಗಳು ಇರುತ್ತವೆ. ಗುಡಿಯೊಳಗೆ ಒಂದೇ ಬಂಡೆಯಲ್ಲಿ ಕಡೆದ, ಸುಮಾರು ೧೫ ಅಡಿ ಎತ್ತರ, ೨೦ ಅಡಿ ಉದ್ದದ ಬಸವಣ್ಣನಿದ್ದಾನೆ. ಪರಿಷೆಯ ಕಥೆಯನ್ನು ತಾವೆಲ್ಲ ಕೇಳಿರಬಹುದು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ಹೊಸಕೆರೆಹಳ್ಳಿ ಮೊದಲಾದ ಊರುಗಳ ರೈತರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಹುಣ್ಣಿಮೆಯ ರಾತ್ರಿ ಗೂಳಿಯೊಂದು ಬಂದು ಬೆಳೆಯನ್ನು ಹಾಳುಮಾಡುತ್ತಿತ್ತಂತೆ. ರೈತರು ಬಸವನಿಗೆ ಮೊರೆಯಿಟ್ಟು, ಮೊದಲ ಫಸಲನ್ನು ನಿನಗೇ ಒಪ್ಪಿಸುತ್ತೇವೆಂದು ಹರಕೆ ಹೊತ್ತರಂತೆ.

ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕ. ೧೪೯೨ರಲ್ಲಿ ಕೊಲಂಬಸನು ಸಾಗರವನ್ನು ದಾಟಿದ ಮೇಲೆಯೇ ಅದು ಹಡಗುಗಳಲ್ಲಿ ಏಷ್ಯಾಕ್ಕೆ ಬಂದದ್ದು. ಆದಕಾರಣ ಈ ಕಥೆ ಅದಕ್ಕಿಂತ ಹಳೆಯದಾಗಿರಲಾರದು. ಆದರೂ ಇದನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಫಸಲು ಕೈಗೆ ಬರುವ ಹೊತ್ತಿಗೆ ಕಾಡುಹಂದಿಯ ಭಯದಿಂದ ಹೊಲದಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ತಂದೆಯಂದಿರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಆ ಕಥೆಯ ಸತ್ಯವನ್ನು ಅವರು ಬಲ್ಲರು.

ನಮ್ಮಲ್ಲಿ ಕೆಲವರು ಕಡಲೆಕಾಯಿ ಎನ್ನುತ್ತಾರೆ, ಕೆಲವರು ಶೇಂಗಾ ಎನ್ನುತ್ತಾರೆ. ನೆರೆಮನೆಯ ತೆಲುಗಿನವರು ವೇರುಶೆನಗ, ಅಂದರೆ ಬೇರಿನ ಕಡಲೆ, ಎನ್ನುತ್ತಾರೆ. ವಾಸ್ತವವಾಗಿ ಅದು ಬೇರಿನಲ್ಲಿ ಬಿಡುವುದಲ್ಲ. ಹೂವು ಬಿಡುವುದು ನೆಲದ ಮೇಲೆ; ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಕೆಳಗಿಳಿದು ಮಣ್ಣನ್ನು ಹೊಕ್ಕು ಕಾಯಾಗುತ್ತದೆ. ಇದನ್ನು ಹೊಲದಲ್ಲಿ ಕಣ್ಣಾರೆ ಕಂಡಿದ್ದ ನಮ್ಮ ಹುಡುಗನೊಬ್ಬ ಪರಿಷೆಯಲ್ಲಿ ಬೆಂಗಳೂರಿನ ಮಕ್ಕಳಿಗೆ ವಿವರಿಸುತ್ತಿದ್ದುದನ್ನು ಕೇಳಿ, ಒಬ್ಬ ತಾಯಿ, "ನೀವು ಆಂಧ್ರದವರಲ್ಲವೇ? ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬಂತು?" ಎಂದು ಕೇಳಿದರು. ಅವನು, "ನಮ್ಮ ಅಜ್ಜಿಯಿಂದ ಬಂತು, ಅಮ್ಮಾ" ಎಂದನು. ರಾಜ್ಯಗಳ ಗಡಿಗಳು ೧೯೫೩ರಲ್ಲಿಯೂ ೧೯೫೬ರಲ್ಲಿಯೂ ಬದಲಾದವು; ನಮ್ಮ ಜಿಲ್ಲೆಯೂ ೨೦೨೨ರಲ್ಲಿ ಎರಡಾಗಿ, ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಅಜ್ಜಿಯ ಮಾತು ಮಾತ್ರ ಎಲ್ಲಿತ್ತೋ ಅಲ್ಲಿಯೇ ಇದೆ.

ಪರಿಷೆಯಲ್ಲಿ ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ರಾಶಿರಾಶಿಯಾಗಿ ಕಡಲೆಕಾಯಿಯನ್ನು ಸೇರಿನಲ್ಲಿ ಅಳೆದು ಕೊಡುತ್ತಾರೆ. ಅದರ ನಡುವೆ ಕಡಲೆಪುರಿ, ಬೆಂಡು, ಬತ್ತಾಸು, ಕಲ್ಯಾಣಸೇವೆ. ಬಳೆಯ ಅಂಗಡಿ, ಮಣ್ಣಿನ ಗೊಂಬೆ, ಪೀಪಿ, ಗಿರಗಿಟ್ಟಲೆ. ಮಾರುವವರು ಕರೆದು ಕರೆದು ಕೈಗೆ ನಾಲ್ಕು ಕಾಯಿ ಹಾಕುತ್ತಾರೆ. ಮಕ್ಕಳೇ, ಇಲ್ಲಿ ಒಂದು ಮಾತನ್ನು ನೆನಪಿಡಿ. ರುಚಿಗೆಂದು ಕೊಟ್ಟ ಕಾಯಿ ದಾನವಲ್ಲ. ನೀವು ಪ್ರಾಮಾಣಿಕರೆಂದು ಮಾರುವವನು ಇಡುವ ನಂಬಿಕೆ ಅದು. ಹತ್ತು ಅಂಗಡಿಗಳಲ್ಲಿ ಹೊಟ್ಟೆ ತುಂಬಿಸಿಕೊಂಡು ಬರಿಗೈಯಲ್ಲಿ ಹೊರಬರುವುದು ಜಾಣತನವೆನಿಸಲಾರದು.

ರುಚಿ ನೋಡುವುದರಲ್ಲಿ ಮತ್ತೊಂದು ವಿವೇಕವೂ ಉಂಟು. ಕಹಿಯಾದ, ಸುಕ್ಕಿದ, ಬೂಷ್ಟು ಹಿಡಿದ ಬೀಜವನ್ನು ನಾಚಿಕೆಪಡದೆ ಉಗುಳಿಬಿಡಬೇಕು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ೧,೦೦,೦೦೦ಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟೇ ಅದಕ್ಕೆ ಕಾರಣವೆಂದು ವಿಜ್ಞಾನಿಗಳು ಕಂಡುಹಿಡಿದರು. ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಅದು ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಆದುದರಿಂದ ಕಿತ್ತ ಕಾಯನ್ನು ಚೆನ್ನಾಗಿ ಒಣಗಿಸಿದ ಮೇಲೆಯೇ ಚೀಲಕ್ಕೆ ತುಂಬಬೇಕೆಂದು ಮಕ್ಕಳು ಮನೆಯಲ್ಲಿ ಹೇಳಿದರೆ, ತಂದೆಯವರು ದಯವಿಟ್ಟು ಅದನ್ನು ಅಧಿಕಪ್ರಸಂಗವೆಂದು ತಿಳಿಯಬಾರದು.

ಇದೇ ಋತುವಿನಲ್ಲಿ ಜರ್ಮನಿ ದೇಶದ ಊರೂರುಗಳಲ್ಲಿ ಕ್ರಿಸ್ಮಸ್ ಸಂತೆಗಳು ನೆರೆಯುತ್ತವೆ. ಡ್ರೆಸ್ಡೆನ್ ನಗರದ ಸಂತೆ ೧೪೩೪ರಲ್ಲಿ, ಹಬ್ಬದ ಮುನ್ನಾದಿನದ ಒಂದು ದಿನದ ಮಾಂಸದ ಸಂತೆಯಾಗಿ ಮೊದಲಾಯಿತು. ನಮ್ಮ ಪರಿಷೆಗೆ ಕಡಲೆಕಾಯಿ ಹೆಸರು ಕೊಟ್ಟಂತೆ, ಆ ಸಂತೆಗೆ ಅಲ್ಲಿಯ ಹಬ್ಬದ ರೊಟ್ಟಿಯೊಂದು ಹೆಸರು ಕೊಟ್ಟಿದೆ. ಅಲ್ಲಿಯೂ ಜನ ಚಳಿಯಲ್ಲಿ ನಿಂತು ಹುರಿದ ಬಾದಾಮಿ ತಿನ್ನುತ್ತಾರೆ, ಮಕ್ಕಳಿಗೆ ಮರದ ಗೊಂಬೆ ಕೊಳ್ಳುತ್ತಾರೆ. ನ್ಯೂರೆಂಬರ್ಗ್ ನಗರದ ಸಂತೆಯ ಪ್ರಸಿದ್ಧ ತಿನಿಸಿನಲ್ಲಿ ಬೀಳುವ ದಾಲ್ಚಿನ್ನಿ, ಲವಂಗ, ಏಲಕ್ಕಿಗಳು ಹಿಂದೆ ನಮ್ಮ ಪೂರ್ವ ದೇಶಗಳಿಂದ ಹೋದವು. ಅಮೆರಿಕದ ಕಾಯಿ ಬಸವನಗುಡಿಯಲ್ಲಿ, ನಮ್ಮ ಏಲಕ್ಕಿ ನ್ಯೂರೆಂಬರ್ಗಿನಲ್ಲಿ! ಹಬ್ಬದ ಸಂತೆ ಎಲ್ಲಿಯೇ ನೆರೆಯಲಿ, ದೂರದ ರೈತನೊಬ್ಬನ ದುಡಿಮೆಯಿಲ್ಲದೆ ಅದು ನಡೆಯುವುದಿಲ್ಲ.

ಇನ್ನು ಆ ದೂರದ ರೈತನ ವಿಷಯ. ನನ್ನನ್ನು ಪ್ರಶ್ನಿಸಿದ ಪೋಷಕರ ಮಗಳು ಒಂದು ರಾಶಿಯ ಮುಂದೆ ನಿಂತು, "ಇದು ಎಲ್ಲಿಯ ಕಾಯಿ?" ಎಂದು ಕೇಳಿದಳು. "ಅನಂತಪುರದ ಕಡೆಯದಮ್ಮಾ, ರುಚಿ ನೋಡು" ಎಂದು ಮಾರುವ ಹೆಂಗಸು ಉತ್ತರಿಸಿದಳು. ಹುಡುಗಿ ರುಚಿ ನೋಡಲಿಲ್ಲ, ಬೆಲೆ ಕೇಳಿದಳು. ಕೇಳಿದವಳ ಮುಖ ಕೆಂಪಾಯಿತು. ತನ್ನ ತಂದೆಗೆ ದೊರೆತ ಬೆಲೆಗೂ ಇದಕ್ಕೂ ಇದ್ದ ಅಂತರವನ್ನು ಮನಸ್ಸಿನಲ್ಲಿಯೇ ಲೆಕ್ಕಹಾಕಿ, "ಇದು ಅನ್ಯಾಯ" ಎಂದುಬಿಟ್ಟಳು. ಆ ಹೆಂಗಸು ಸಿಟ್ಟಾಗಲಿಲ್ಲ. "ಕೂತುಕೋ, ಹೇಳುತ್ತೇನೆ" ಎಂದು ಬೆರಳು ಮಡಿಸುತ್ತ ಹೇಳಿದಳು: ಲಾರಿಯ ಬಾಡಿಗೆ, ಚೀಲ ಇಳಿಸಿದವರ ಕೂಲಿ, ಹುರಿಯುವ ಸೌದೆ, ಕೊಳೆತು ಎಸೆಯುವ ಕಾಯಿ, ಮಳೆ ಬಂದರೆ ಮುಳುಗುವ ಬಂಡವಾಳ, ರಸ್ತೆಯ ಅಂಚಿನಲ್ಲಿಯೇ ಮೂರು ರಾತ್ರಿಯ ನಿದ್ದೆ. "ಇಷ್ಟು ಕಳೆದು ನನಗೆ ಉಳಿಯುವುದನ್ನು ನೀನೇ ಹೇಳು" ಎಂದಳು. ಹುಡುಗಿ ಪುಸ್ತಕ ತೆಗೆದು ಬರೆದು ಕೂಡಿದಳು. ಕೂಡಿದ ಮೇಲೆ ಅವಳ ಕೋಪ ಆ ಹೆಂಗಸಿನ ಮೇಲಿರಲಿಲ್ಲ. ಆದರೆ ಪ್ರಶ್ನೆ ಉಳಿದೇ ಇತ್ತು. ಹೊಲಕ್ಕೂ ಈ ರಾಶಿಗೂ ನಡುವೆ ಎಷ್ಟು ಕೈಗಳಿವೆ? ಯಾವ ಕೈ ದುಡಿಯುತ್ತದೆ, ಯಾವ ಕೈ ಬರಿದೇ ತೆಗೆದುಕೊಳ್ಳುತ್ತದೆ?

ಮಹನೀಯರೇ, ನಮ್ಮ ಸೀಮೆಗೆ ವರ್ಷಕ್ಕೆ ಸರಾಸರಿ ಬೀಳುವ ಮಳೆ ಸುಮಾರು ೫೫೦ ಮಿಲಿಮೀಟರು. ಅದೂ ಹೇಳಿದ ಹೊತ್ತಿಗೆ ಬಾರದು. ಬಿತ್ತಿದ ಮೇಲೆ ಸುಮಾರು ನಾಲ್ಕು ತಿಂಗಳು ಆಕಾಶವನ್ನು ನೋಡುತ್ತ ಕಳೆಯುವ ರೈತನಿಗೆ ಕಡೆಗೆ ಕೈಗೆ ಬಂದ ಬೆಳೆಯ ಲೆಕ್ಕವಾದರೂ ನೆಟ್ಟಗೆ ಇರಬೇಡವೆ?

ಕಾಣಿಕೆಗಳ ಮಾತಿಗೆ ಬರೋಣ. ಒಬ್ಬ ಹುಡುಗಿ ತಾಯಿಯ ಹಳೆಯ ಬಳೆಯೊಂದನ್ನು ಅಳತೆಗೆಂದು ಚೀಟಿಯಲ್ಲಿ ಸುತ್ತಿ ತಂದಿದ್ದಳು. ಒಂದು ಡಜನ್ ಹಸಿರು ಬಳೆ ಕೊಂಡಳು. ಒಬ್ಬ ಹುಡುಗ ನಿಯಮವನ್ನು ಮರೆತು ಮೊದಲ ಅಂಗಡಿಯಲ್ಲಿಯೇ ತನಗೊಂದು ಆಟಿಕೆ ಕೊಂಡನು. ಅವನ ಪುಸ್ತಕದಲ್ಲಿ "ಆಟಿಕೆ, ೧೨೦ ರೂಪಾಯಿ. ಮುರಿಯಿತು" ಎಂದಿದೆ. ಉಳಿದ ೩೦ ರೂಪಾಯಿಗೆ ತಂಗಿಗೆ ಬತ್ತಾಸು ಬಂತು. ಅವನಿಗೆ ನಾನು ಏನೂ ಹೇಳಲಿಲ್ಲ, ಪುಸ್ತಕವೇ ಹೇಳಿತ್ತು.

ಮತ್ತೊಬ್ಬ ಹುಡುಗನು ತಂದೆಗಾಗಿ ದಪ್ಪ ಬೀಜದ ಹಸಿ ಕಡಲೆಕಾಯಿ ಒಂದು ಸೇರು ಕೊಂಡನು. ಜೊತೆಯವರೆಲ್ಲ, "ಕಡಲೆಕಾಯಿಯ ಮನೆಗೆ ಕಡಲೆಕಾಯಿಯೇ ಕಾಣಿಕೆಯೆ?" ಎಂದು ನಗೆಯಾಡಿದರು. "ಇದು ತಿನ್ನುವುದಕ್ಕಲ್ಲ, ಬೀಜಕ್ಕೆ" ಎಂದನು. ತಂದೆಯವರು ಅದನ್ನು ಅಂಗೈಯಲ್ಲಿ ತಿರುವಿ ನೋಡಿ, "ಇಂಥ ದಪ್ಪ ಕಾಯಿ ಬಲಿಯಲು ದಿನ ಹೆಚ್ಚು ಬೇಕು, ಮಗನೇ, ನಮ್ಮ ಮಳೆ ಅಷ್ಟು ದಿನ ನಿಲ್ಲುವುದಿಲ್ಲ. ಅದಕ್ಕೇ ನಮಗೆ ಕದಿರಿಯ ಸಂಶೋಧನಾ ಕೇಂದ್ರದವರು ಕೊಟ್ಟ ತಳಿ" ಎಂದು ಹೇಳಿದರಂತೆ. ಹಾಗೆಂದು ಎಸೆಯಲಿಲ್ಲ, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ತೊಲೆಗೆ ತೂಗುಹಾಕಿದ್ದಾರೆ. ಮುಂಗಾರಿಗೆ ಎರಡು ಸಾಲು ಬಿತ್ತಿ ನೋಡುವರಂತೆ. ಕೊಟ್ಟವನು ಪಡೆಯುವವರ ಬದುಕನ್ನು ನೆನೆದನು, ಪಡೆದವರು ಕೊಟ್ಟವನ ಮನಸ್ಸನ್ನು ನೋಯಿಸಲಿಲ್ಲ. ಕಾಣಿಕೆಗೆ ಇದಕ್ಕಿಂತ ಹೆಚ್ಚಿನ ಬೆಲೆಯನ್ನು ನಾನು ಕಾಣೆ.

ಸಂಕ್ರಾಂತಿಯ ಹಿಂದಿನ ವಾರ ಆ ಮೊದಲಿನ ಪೋಷಕರು ಮತ್ತೆ ಸಿಕ್ಕಿದರು. "ಮೇಷ್ಟ್ರೇ, ನಿಮ್ಮ ಪರಿಷೆ ನನಗೆ ದುಬಾರಿಯಾಯಿತು. ಮಗಳು ಈಗ ತೂಕದ ಚೀಟಿಯನ್ನೆಲ್ಲ ಕೇಳುತ್ತಾಳೆ" ಎಂದರು. ಕಡೆಯ ಬಾರಿ ಕಾಯಿ ಮಾರಿದಾಗ ಅವಳು ಚೀಟಿಯನ್ನು ಓದಿ, ಚೀಲದ ತೂಕಕ್ಕೆಂದು ಒಮ್ಮೆ, ತೇವಕ್ಕೆಂದು ಒಮ್ಮೆ ಕಳೆದ ಮೇಲೆ, ಕಾರಣ ಬರೆಯದೆ ಮತ್ತೊಮ್ಮೆ ಕಳೆದಿದ್ದುದನ್ನು ತೋರಿಸಿದಳಂತೆ. ತಂದೆಯವರು ಮರುದಿನ ಹೋಗಿ ಕೇಳಿದರು. ಕೊಂಡವರು ಏನೋ ತಪ್ಪಾಯಿತೆಂದು ಹೇಳಿ ಆ ಹಣವನ್ನು ಕೊಟ್ಟರು. "ಎಷ್ಟು ಬಂತು?" ಎಂದೆನು. "ಬೆಂಗಳೂರಿನ ಖರ್ಚು ಹೊರಟಿತು" ಎಂದು ನಕ್ಕರು. ನಾನು ಕೊಡಬೇಕಾಗಿದ್ದ ಉತ್ತರವನ್ನು ಅವರ ಮಗಳೇ ಕೊಟ್ಟಿದ್ದಳು.

ಮಕ್ಕಳೇ, ಮುಂದಿನ ಕಾರ್ತಿಕದಲ್ಲಿ ಮತ್ತೆ ಹೋಗೋಣ. ಬಟ್ಟೆಯ ಕೈಚೀಲವನ್ನೂ ಲೆಕ್ಕದ ಪುಸ್ತಕವನ್ನೂ ಮರೆಯದೆ ತನ್ನಿರಿ. ಪೋಷಕರಲ್ಲಿ ನನ್ನ ಬಿನ್ನಹವಿಷ್ಟೆ: ಈ ಸಲ ತಾವೂ ಕೆಲವರು ನಮ್ಮೊಡನೆ ಬನ್ನಿರಿ. ತಮ್ಮ ಹೊಲದ ಕಾಯಿ ಎಲ್ಲಿಗೆ ಹೋಗುತ್ತದೆ, ಯಾರ ಬಾಯಿಗೆ ಸಿಹಿಯಾಗುತ್ತದೆ ಎಂಬುದನ್ನು ಕಣ್ಣಾರೆ ನೋಡುವ ಅಧಿಕಾರ ಎಲ್ಲರಿಗಿಂತ ಮೊದಲು ತಮಗೇ ಸಲ್ಲಬೇಕಾದುದು.