ಕಡಲಡಿಯ ಕೆಸರು ನುಡಿದ ಸಾಕ್ಷಿ

ಕೆಲವು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ದಿದ್ದೆ. ಲಾಲ್‌ಬಾಗಿನ ಹೆಬ್ಬಂಡೆಯ ಮೇಲೆ ವಿಶ್ರಮಿಸುತ್ತಿದ್ದಾಗ ಒಬ್ಬ ಹುಡುಗ ಕೇಳಿದ: “ಮೇಷ್ಟ್ರೇ, ಈ ಬಂಡೆ ಹಳೆಯದೋ, ಸಮುದ್ರ ಹಳೆಯದೋ?”

ನಾನು ಕನ್ನಡ ಪಂಡಿತ. ಕಾವ್ಯಗಳ ಸಮುದ್ರವರ್ಣನೆಯನ್ನು ಓದಿ, ಓದಿಸಿ ಬಂದವನು. “ಸಮುದ್ರವೇ ಕಣಯ್ಯ, ಅದು ಅನಾದಿ” ಎಂದುಬಿಟ್ಟೆ. ಹುಡುಗ ಬಿಡಲಿಲ್ಲ. “ಹಾಗಾದರೆ ಹೊಳೆಗಳೆಲ್ಲ ಮಣ್ಣು ತಂದು ಸುರಿದರೂ ಅದು ನಮ್ಮೂರ ಕೆರೆಯ ಹಾಗೆ ಹೂಳು ತುಂಬಿ ಏಕೆ ಮುಚ್ಚಿಹೋಗಲಿಲ್ಲ?” ನನ್ನಲ್ಲಿ ಉತ್ತರವಿರಲಿಲ್ಲ. ಗದರಿಸಿ ಕೂರಿಸಿದೆ. ಆ ಗದರಿಕೆಯ ಋಣವನ್ನು ನಿಮ್ಮೆದುರು ಇಂದು ತೀರಿಸಬೇಕೆಂದಿದ್ದೇನೆ.

ಹುಡುಗನ ಪ್ರಶ್ನೆ ಭೂವಿಜ್ಞಾನಿಗಳನ್ನೂ ಕಾಡಿದ್ದೇ. ಹೊಳೆಯ ಮಣ್ಣು ಬಹುಪಾಲು ಕರಾವಳಿಯ ಸಮೀಪದಲ್ಲಿಯೇ ತಂಗುತ್ತದೆ. ನಡುಗಡಲಿನ ತಳಕ್ಕೆ ಬೀಳುವುದು ನುಣುಪಾದ ಜೇಡಿ, ಮತ್ತು ನೀರಿನಲ್ಲಿ ತೇಲಿ ಬದುಕಿ ಸತ್ತ ಸೂಕ್ಷ್ಮಜೀವಿಗಳ ಚಿಪ್ಪು. ಈ ಮಳೆ ಬಲು ನಿಧಾನ: ಸಾವಿರ ವರ್ಷಕ್ಕೆ ಕೆಲವೆಡೆ ಒಂದು ಮಿಲಿಮೀಟರು, ಕೆಲವೆಡೆ ಕೆಲವು ಸೆಂಟಿಮೀಟರು. ಅತಿ ಕಡಿಮೆಯ ಲೆಕ್ಕವನ್ನೇ ಹಿಡಿಯಿರಿ. ಕಡಲ ತಳಕ್ಕೆ 300 ಕೋಟಿ ವರ್ಷ ವಯಸ್ಸಾಗಿದ್ದರೆ ಅಲ್ಲಿ ಮೂರು ಕಿಲೋಮೀಟರು ದಪ್ಪದ ಕೆಸರು ಇರಬೇಕು. ಅಳೆದು ನೋಡಿದರೆ ಸಿಕ್ಕಿದ್ದು ಸರಾಸರಿ ಅರ್ಧ ಕಿಲೋಮೀಟರಿನಷ್ಟು ಮಾತ್ರ! ಉಳಿದ ಕೆಸರು ಎಲ್ಲಿ ಹೋಯಿತು?

1962ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಹ್ಯಾರಿ ಹೆಸ್ ಒಂದು ಊಹೆಯನ್ನು ಮುಂದಿಟ್ಟರು. ಮಹಾಸಾಗರಗಳ ಒಳಗೆ ಉದ್ದಕ್ಕೂ ಹಬ್ಬಿದ ಬೆಟ್ಟಸಾಲುಗಳುಂಟು. ಅಲ್ಲಿ ಭೂಗರ್ಭದ ಬಿಸಿಶಿಲೆ ಮೇಲೆದ್ದು ಹೊಸ ನೆಲವಾಗುತ್ತದೆ. ಆ ನೆಲ ಇಬ್ಬದಿಗೂ ಸರಿಯುತ್ತಾ ಹೋಗಿ, ಕಡೆಗೆ ಆಳವಾದ ಕಮರಿಗಳಲ್ಲಿ ಮತ್ತೆ ಭೂಗರ್ಭಕ್ಕೆ ಇಳಿಯುತ್ತದೆ ಎಂದರು. ತಮ್ಮ ಈ ಬರಹವನ್ನು ಅವರೇ ಒಂದು ಬಗೆಯ ‘ಭೂಕಾವ್ಯ’ವೆಂದು ಕರೆದುಕೊಂಡರು. ಕಾವ್ಯಕ್ಕೆ ರಸವಿದ್ದರೆ ಸಾಕು, ಶಾಸ್ತ್ರಕ್ಕೆ ಪ್ರಮಾಣ ಬೇಕಷ್ಟೆ. ಆ ಪ್ರಮಾಣ ಎಲ್ಲಿ ದೊರಕೀತು?

ನಿಮ್ಮ ಮನೆಯ ಅಟ್ಟವನ್ನು ನೆನೆಯಿರಿ. ನಿನ್ನೆ ಏರಿಸಿದ ಪೆಟ್ಟಿಗೆಯ ಮೇಲೆ ಧೂಳು ಇಲ್ಲವೆನ್ನುವಷ್ಟು ಕಡಿಮೆ. ಅಜ್ಜನ ಕಾಲದ ಪೆಟ್ಟಿಗೆಯ ಮೇಲೆ ಪದರಪದರ. ಹೆಸ್ ಹೇಳಿದ್ದು ನಿಜವಾದರೆ, ಬೆಟ್ಟಸಾಲಿನ ನೆತ್ತಿಯಲ್ಲಿ ಕೆಸರು ತೀರ ತೆಳುವಾಗಿರಬೇಕು. ದೂರ ಸರಿದಂತೆಲ್ಲ, ಶಿಲೆಗೆ ತಾಗಿಕೊಂಡಿರುವ ಅತ್ಯಂತ ಕೆಳಗಿನ ಪದರ ಹೆಚ್ಚು ಹೆಚ್ಚು ಹಳೆಯದಾಗಬೇಕು. ಏಕೆಂದರೆ ಆ ಪದರವೇ ನೆಲ ಹುಟ್ಟಿದೊಡನೆ ಬಿದ್ದ ಮೊದಲ ಧೂಳು.

1968ರ ಡಿಸೆಂಬರಿನಿಂದ 1969ರ ಜನವರಿಯವರೆಗೆ ‘ಗ್ಲೋಮಾರ್ ಚಾಲೆಂಜರ್’ ಎಂಬ ಹಡಗು ಆಫ್ರಿಕದ ಡಕಾರ್ ಬಂದರಿನಿಂದ ಹೊರಟು ದಕ್ಷಿಣ ಅಟ್ಲಾಂಟಿಕನ್ನು ದಾಟಿ ರಿಯೊ ಡಿ ಜನೈರೊ ಸೇರಿತು. ದಾರಿಯಲ್ಲಿ ಬೆಟ್ಟಸಾಲಿನ ಎರಡು ಪಕ್ಕಗಳಲ್ಲಿಯೂ ನಿಂತು, ಕಿಲೋಮೀಟರುಗಟ್ಟಲೆ ನೀರಿನೊಳಗೆ ಕೊಳವೆ ಇಳಿಸಿ, ಕೆಸರನ್ನು ಕಂಬಕಂಬವಾಗಿ ಕೊರೆದು ತೆಗೆದರು. ಕೆಳಪದರದ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದೊಂದು ಯುಗಕ್ಕೂ ಅದರದೇ ಜಾತಿಯ ಚಿಪ್ಪುಗಳುಂಟು. ನಾಣ್ಯವನ್ನು ನೋಡಿ ಯಾವ ಅರಸನ ಕಾಲವೆಂದು ಹೇಳುವಂತೆ, ಚಿಪ್ಪನ್ನು ನೋಡಿ ಪದರದ ಕಾಲವನ್ನು ಹೇಳಬಹುದು.

ಫಲವೇನು? ನೆತ್ತಿಯಿಂದ ಸುಮಾರು 400 ಕಿಲೋಮೀಟರು ದೂರದಲ್ಲಿ ಕೆಳಪದರಕ್ಕೆ 2 ಕೋಟಿ 40 ಲಕ್ಷ ವರ್ಷ. 1,000 ಕಿಲೋಮೀಟರಿನ ಹತ್ತಿರ 4 ಕೋಟಿ 90 ಲಕ್ಷ. 1,300ರಲ್ಲಿ 6 ಕೋಟಿ 70 ಲಕ್ಷ. ಭಾಗಿಸಿ ನೋಡಿ: ನೆಲ ಒಂದೊಂದು ಬದಿಗೆ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರು ಸರಿದಿದೆ. ಈ ವಾದವನ್ನು ನಂಬದೆ ಹಡಗು ಹತ್ತಿದ್ದ ಕೆನೆತ್ ಶು ಎಂಬ ಭೂವಿಜ್ಞಾನಿಯೂ ಈ ಸಾಕ್ಷಿಯನ್ನು ಕಂಡು ಮನಸ್ಸು ಬದಲಾಯಿಸಿಕೊಂಡರು. ಭೂಕಾವ್ಯ ಶಾಸ್ತ್ರವಾಯಿತು.

ಇಂದಿನ ಮಹಾಸಾಗರಗಳ ತಳದಲ್ಲಿ ಸುಮಾರು 18 ಕೋಟಿ ವರ್ಷಕ್ಕಿಂತ ಹಳೆಯ ನೆಲ ಇಲ್ಲವೆಂದೇ ಹೇಳಬಹುದು. ಅದಕ್ಕೂ ಹಿಂದಿನದು ಕಮರಿಗಳಲ್ಲಿ ಕೆಳಗಿಳಿದು ಹೋಗಿದೆ. ಅದರ ಮೇಲಿದ್ದ ಕೆಸರಿನಲ್ಲಿ ಕೊಂಚ ಜೊತೆಯಲ್ಲಿಯೇ ಇಳಿದಿದೆ, ಕೊಂಚ ಅಂಚಿನಲ್ಲಿ ಕೆರೆದು ಉಳಿದಿದೆ. ಕೆರೆ ಹೂಳು ತುಂಬುವುದು ಅದರ ತಳ ನಿಂತಲ್ಲೇ ನಿಂತಿರುವುದರಿಂದ. ಕಡಲ ತಳವಾದರೋ ನಿಲ್ಲುವುದೇ ಇಲ್ಲ.

ಕಡಲಿನ ನೀರು ಬಲು ಪುರಾತನ, ನಿಜ. ಆದರೆ ಆ ನೀರು ನಿಂತ ನೆಲ ಎಳೆಯದು. ಲಾಲ್‌ಬಾಗಿನ ಬಂಡೆಗಾದರೋ ಸುಮಾರು 300 ಕೋಟಿ ವರ್ಷ. ನಾನು ಹೇಳಿದ ಉತ್ತರ ತಪ್ಪು; ಆ ಹುಡುಗ ಕೇಳಿದ ಪ್ರಶ್ನೆ ಸರಿ. ಅವನು ಇದನ್ನು ಓದುತ್ತಿದ್ದರೆ, ಅವನ ಮೇಷ್ಟ್ರು ಒಪ್ಪಿಕೊಂಡರೆಂದು ತಿಳಿಯಲಿ.