ತುರು ಕಾದವರೂ ದಂಡೆತ್ತಿ ಹೋದವರೂ



2003ರ ಫೆಬ್ರುವರಿ 15ರಂದು ಇರಾಕಿನ ಮೇಲೆ ಯುದ್ಧ ಬೇಡವೆಂದು ಜಗತ್ತಿನ ನೂರಾರು ನಗರಗಳಲ್ಲಿ ಜನ ಬೀದಿಗಿಳಿದರು. ಆ ದಿನಗಳಲ್ಲಿ ಅಂಥದೊಂದು ಮೆರವಣಿಗೆಯಲ್ಲಿ ನಾವೂ ನಾಲ್ಕು ಹೆಜ್ಜೆ ಹಾಕಿದೆವು. ಸುದ್ದಿ ತಿಳಿದು ನ್ಯಾಮತಿ ಕಡೆಯ ಹಿರಿಯ ಭಕ್ತರೊಬ್ಬರು ಮಠಕ್ಕೆ ಬಂದರು. "ಬುದ್ಧೀ, ನನ್ನ ಮಗ ಗಡಿಯಲ್ಲಿ ಬಂದೂಕು ಹಿಡಿದು ನಿಂತಿದ್ದಾನೆ. 1999ರಲ್ಲಿ ಕಾರ್ಗಿಲ್ಲಿನಲ್ಲಿ 527 ಯೋಧರು ಪ್ರಾಣ ಕೊಟ್ಟರು. ಅವರದು ತಪ್ಪೇ?" ಎಂದರು. ಕೇಳತಕ್ಕ ಮಾತೇ ಸರಿ.

ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಯ ವೀರಗಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. (ಕೆಲವರು ಅದರ ಮೇಲೆ ಬಟ್ಟೆಯನ್ನೂ ಒಗೆಯುತ್ತೀರಿ, ಇರಲಿ!) ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಇಂಥ ಕಲ್ಲುಗಳಲ್ಲಿ ಹಲವು ತುರು ಕಾಯಲು, ಊರು ಉಳಿಸಲು ಹೋರಾಡಿ ಮಡಿದವರವು. ಕಲ್ಯಾಣ ಕ್ರಾಂತಿಯಲ್ಲಿ ಮಡಿವಾಳ ಮಾಚಿದೇವರು ವಚನದ ಕಟ್ಟುಗಳನ್ನು ಉಳಿಸಲು ಕತ್ತಿ ಹಿಡಿದರೆಂದು ನಮ್ಮ ಪರಂಪರೆಯೇ ಹೇಳುತ್ತದೆ. ನಿಮ್ಮ ಮಗನೂ ಕಾಯುವವನೇ ಎಂದೆವು.

ಅವರು ತಲೆದೂಗಲಿಲ್ಲ. "ಕಾಯಲು ಕಳಿಸಿದರೋ ಕೊಲ್ಲಲು ಕಳಿಸಿದರೋ, ಸಿಪಾಯಿಗೆ ಹೇಗೆ ಗೊತ್ತಾಗಬೇಕು ಬುದ್ಧೀ?" ಎಂದರು. ಸಿಪಾಯಿ ಅದನ್ನು ಕೇಳುವಂತಿಲ್ಲ, ಊರಲ್ಲಿರುವ ನಾವು ನೀವು ಕೇಳಬಹುದು. ಬೀದಿಗೆ ಬಂದವರು ಕೇಳಿದ್ದೂ ಅದನ್ನೇ.

ಯಾರೂ ಕಿವಿಗೊಡಲಿಲ್ಲ. ಮಾರ್ಚ್ 20ರಂದು ಅಮೆರಿಕ, ಬ್ರಿಟನ್ನುಗಳು ದಂಡೆತ್ತಿ ಹೋದವು. ಮಾರಕಾಸ್ತ್ರಗಳಿವೆ ಎಂಬುದು ಹೇಳಿಕೊಂಡ ಕಾರಣ. ತಿಂಗಳುಗಟ್ಟಲೆ ಹುಡುಕಿದರು, ಅವು ಸಿಗಲಿಲ್ಲ. ಅಷ್ಟರಲ್ಲಿ ಸಾವಿರಾರು ಜನ ಮಣ್ಣಾಗಿದ್ದರು. ಮುಂದೆ ಆ ಲೆಕ್ಕ ಲಕ್ಷ ದಾಟಿತು.