ಬಿದಿರ ಕತ್ತಿಯ ಪಾಠ

(ವಾಚನಾಲಯದ ತಿಂಗಳ ಸಭೆಯಲ್ಲಿ ಸ್ವಯಂಸೇವಕರ ಪರವಾಗಿ ಮಾಡಿದ ಭಾಷಣ)



ನಮ್ಮ ಸಂಘದ ರಾಜ್ಯೋತ್ಸವಕ್ಕೆ ಈ ಸಲ ಕತ್ತಿವರಸೆ, ದೊಣ್ಣೆವರಸೆಗಳ ಪ್ರದರ್ಶನ ಇಡಬೇಕೆಂದು ಕೆಲವರು ಸೂಚಿಸಿದ್ದಾರೆ. ಸೂಚನೆ ಒಳ್ಳೆಯದೇ. ಆದರೆ ಅದರ ಜೊತೆಗೇ ಒಂದು ಪ್ರಶ್ನೆಯೂ ಏಳುತ್ತದೆ. ಈ ಕಾಲದಲ್ಲಿ ಕತ್ತಿಯಿಂದ ಆಗಬೇಕಾದ ಕೆಲಸವೇನು? ಒಂದು ಸಂಜೆ ಆಡಿ ತೋರಿಸಿ, ಚಪ್ಪಾಳೆ ಪಡೆದು, ಮರುದಿನ ಮೂಲೆಗಿಡುವುದಕ್ಕೆ ಇಷ್ಟೆಲ್ಲ ಶ್ರಮವೇಕೆ? ಇದೇ ಪ್ರಶ್ನೆ ಜಪಾನಿನ ಜನರಿಗೆ ಸುಮಾರು ನೂರೈವತ್ತು ವರ್ಷಗಳ ಹಿಂದೆ ಎದುರಾಯಿತು. ಅವರು ಕಂಡುಕೊಂಡ ಉತ್ತರವನ್ನು ತಮ್ಮ ಮುಂದಿಡುವುದೇ ಈ ಹೊತ್ತಿನ ನಮ್ಮ ಕೆಲಸ.

ಜಪಾನು ಪುಣೆಯವರಾದ ನಮಗೆ ತೀರ ಪರಕೀಯವಲ್ಲ. ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನಕ್ಕೆ ರವಿವಾರ ಮಕ್ಕಳನ್ನು ಕರೆದುಕೊಂಡು ಹೋದವರು ಇಲ್ಲಿ ಬಹಳ ಮಂದಿ ಇದ್ದೀರಿ. ಅದಕ್ಕೆ ಪುಣೆ-ಓಕಾಯಾಮಾ ಮೈತ್ರಿ ಉದ್ಯಾನವೆಂದೂ ಹೆಸರುಂಟು. ಓಕಾಯಾಮಾ ಪಟ್ಟಣದಲ್ಲಿ ಮುನ್ನೂರು ವರ್ಷಗಳಿಂದಿರುವ ಕೊರಾಕುಎನ್ ಎಂಬ ತೋಟದ ಮಾದರಿಯಲ್ಲಿ ಅದನ್ನು ಬೆಳೆಸಿದ್ದಾರೆ. ಅದೇ ಓಕಾಯಾಮಾ ಸೀಮೆಯಲ್ಲಿ ಒಸಾಫುನೆ ಎಂಬ ಊರಿದೆ. ಅಲ್ಲಿಯ ಕಮ್ಮಾರರು ನೂರಾರು ವರ್ಷ ಬಡಿದ ಕತ್ತಿಗಳು ಜಪಾನಿನಲ್ಲೆಲ್ಲ ಹೆಸರಾದವು. ಈಗ ಅಲ್ಲಿ ಕತ್ತಿಗಳದೇ ಒಂದು ವಸ್ತುಸಂಗ್ರಹಾಲಯವಿದೆ.

ಅಂಥ ದೇಶದಲ್ಲಿ 1871ರಲ್ಲಿ ಹಳೆಯ ಸಂಸ್ಥಾನಗಳು ರದ್ದಾದವು. ಅವುಗಳ ಆಶ್ರಯದಲ್ಲಿ ಕತ್ತಿವಿದ್ಯೆ ಕಲಿಸುತ್ತಿದ್ದ ಗುರುಗಳಿಗೆ ಅನ್ನದ ದಾರಿ ತಪ್ಪಿತು. 1876ರಲ್ಲಿ ಸೈನ್ಯ, ಪೋಲೀಸು ಮುಂತಾದವರ ಹೊರತು ಯಾರೂ ಸೊಂಟಕ್ಕೆ ಕತ್ತಿ ಕಟ್ಟಬಾರದೆಂದು ಸರಕಾರದ ಆಜ್ಞೆಯೂ ಹೊರಟಿತು. ಆಯುಧ ಕೈಬಿಡುವ ಸಂಕಟ ನಮ್ಮ ನಾಡಿಗೂ ಗೊತ್ತು. 1857ರಲ್ಲಿ ಇಂಗ್ಲಿಷರ ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದೆ ಕಾದಿದ ಹಲಗಲಿಯ ಬೇಡರು ನಮ್ಮ ಲಾವಣಿಗಳಲ್ಲಿ ಇನ್ನೂ ಬದುಕಿದ್ದಾರೆ.

ಕೆಲಸ ತಪ್ಪಿದ ಗುರುಗಳ ಪೈಕಿ ಸಕಾಕಿಬಾರಾ ಕೆನ್‌ಕಿಚಿ ಎಂಬವರು 1873ರಲ್ಲಿ ಒಂದು ಉಪಾಯ ಹೂಡಿದರು. ಟೋಕಿಯೋದ ಅಸಾಕುಸಾದಲ್ಲಿ ಕುಸ್ತಿಯ ಹಾಗೆ ಕಣ ಹಾಕಿ, ಟಿಕೇಟು ಇಟ್ಟು, ಕತ್ತಿವರಸೆಯ ಪಂದ್ಯ ಆಡಿಸಿದರು. ಜನ ಮುಗಿಬಿದ್ದರು. ಹೊಟ್ಟೆಗಿಲ್ಲದ ಕಲಿಗಳಿಗೆ ನಾಲ್ಕು ಕಾಸು ದೊರೆಯಿತು. ಆದರೆ ನೋಟಕರನ್ನು ರಂಜಿಸುವ ಭರದಲ್ಲಿ ಕೂಗಾಟ, ಹಾರಾಟ ಹೆಚ್ಚಾದವು. ವಿದ್ಯೆಯನ್ನು ಸಂತೆಗಿಟ್ಟರೆಂದು ಕೆಲವರು ಮುನಿದರು. ಇಬ್ಬರ ಮಾತೂ ನಿಜ. ಪ್ರದರ್ಶನವಿಲ್ಲದಿದ್ದರೆ ಆ ವಿದ್ಯೆ ಅಂದೇ ಮಣ್ಣುಗೂಡುತ್ತಿತ್ತು. ಬರೀ ಪ್ರದರ್ಶನವೇ ಆಗಿದ್ದರೆ ದೊಂಬರಾಟವಾಗಿ ಮುಗಿಯುತ್ತಿತ್ತು.

ಮುಂದೆ ಟೋಕಿಯೋದ ಪೋಲೀಸರು ಈ ಗುರುಗಳನ್ನು ಕೆಲಸಕ್ಕೆ ಕರೆದರು. 1895ರಲ್ಲಿ ಕ್ಯೋಟೋದಲ್ಲಿ ಯುದ್ಧಕಲೆಗಳಿಗಾಗಿ ಒಂದು ದೊಡ್ಡ ಸಂಘ ಹುಟ್ಟಿತು. 1911ರಲ್ಲಿ ಮಾಧ್ಯಮಿಕ ಶಾಲೆಗಳ ಪಾಠಕ್ರಮದಲ್ಲಿ ಅದಕ್ಕೆ ಎಡೆ ಸಿಕ್ಕಿತು. ಬಳಿಕ ಕೆಟ್ಟ ಕಾಲವೂ ಬಂತು. ಯುದ್ಧದ ಅಮಲಿನಲ್ಲಿ ಇದೇ ವಿದ್ಯೆಯಿಂದ ಹುಡುಗರ ತಲೆಗೆ ರಣಹುಚ್ಚು ಹತ್ತಿಸಿದರು. 1945ರಲ್ಲಿ ಸೋತ ಮೇಲೆ ಅಮೆರಿಕದ ಸೇನಾಡಳಿತದಲ್ಲಿ ಶಾಲೆಗಳಿಂದ ಅದನ್ನು ತೆಗೆದುಹಾಕಲಾಯಿತು. ಅಭ್ಯಾಸಿಗಳು ತಮ್ಮ ವಿದ್ಯೆಯನ್ನು ತಿದ್ದಿಕೊಂಡು 1952ರಲ್ಲಿ ಅಖಿಲ ಜಪಾನ್ ಕೆಂಡೋ ಮಂಡಲ ಕಟ್ಟಿದರು. 1953ರಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. 1962ರಿಂದ ಹೆಂಗಸರಿಗೂ ಪಂದ್ಯವುಂಟು. 1970ರಲ್ಲಿ ಜಗತ್ತಿನ ಪಂದ್ಯಾವಳಿಯೂ ಆರಂಭವಾಯಿತು. ಗಂಡಸರ ರಾಷ್ಟ್ರೀಯ ಪಂದ್ಯ ಈಗ ಸಾಮಾನ್ಯವಾಗಿ ನವೆಂಬರ್ 3ಕ್ಕೆ, ನಮ್ಮ ರಾಜ್ಯೋತ್ಸವವಾದ ಎರಡೇ ದಿನಕ್ಕೆ ನಡೆಯುತ್ತದೆ.

ಈ ಕೆಂಡೋ ಆಟದಲ್ಲಿ ಉಕ್ಕಿನ ಕತ್ತಿ ಇಲ್ಲ. ನಾಲ್ಕು ಬಿದಿರು ಸೀಳುಗಳನ್ನು ತೊಗಲು, ದಾರಗಳಿಂದ ಬಿಗಿದ ಶಿನಾಯಿ ಎಂಬ ಕತ್ತಿ. ದೊಡ್ಡವರದು 120 ಸೆಂಟಿಮೀಟರಿಗಿಂತ ಉದ್ದವಿರುವಂತಿಲ್ಲ. ಮುಖಕ್ಕೆ ಲೋಹದ ಜಾಲರಿ, ಎದೆಗೆ, ಕೈಗೆ, ಸೊಂಟಕ್ಕೆ ಕವಚ. ಹೊಡೆಯಬಹುದಾದ ಜಾಗಗಳು ನಾಲ್ಕೇ: ತಲೆ, ಮುಂಗೈ, ಪಕ್ಕೆ, ಗಂಟಲಿಗೆ ತಿವಿತ. ಐದು ನಿಮಿಷ ಕಾಲ. ಎರಡು ಗುಣ ಮೊದಲು ಗಳಿಸಿದವನು ಗೆದ್ದ. ಕೆಂಪು, ಬಿಳಿ ಬಾವುಟ ಹಿಡಿದ ಮೂವರು ಪಂಚರಲ್ಲಿ ಇಬ್ಬರಾದರೂ ಎತ್ತಿದರೆ ಮಾತ್ರ ಗುಣ.

ಏಟು ಬಿದ್ದರೆ ಸಾಲದು. ಮನಸ್ಸು, ಕತ್ತಿ, ಮೈ ಮೂರೂ ಒಂದೇ ಕ್ಷಣದಲ್ಲಿ ಕೂಡಿರಬೇಕು. ಎಲ್ಲಿಗೆ ಹೊಡೆದೆನೆಂದು ಗಟ್ಟಿಯಾಗಿ ಹೇಳಬೇಕು. ಹೊಡೆದ ಮೇಲೂ ಎದುರಾಳಿಯ ಕಡೆಗೆ ಎಚ್ಚರ ತಪ್ಪಬಾರದು. ಗುಣ ಬಂತೆಂದು ಕೈ ಎತ್ತಿ ಕುಣಿದರೆ ಪಂಚರು ಆ ಗುಣವನ್ನೇ ಕಿತ್ತುಕೊಳ್ಳಬಹುದು! ನಮ್ಮ ಮಕ್ಕಳಿಗೆ ಯಾವ ಆಟದಲ್ಲಿ ಈ ಪಾಠ ಸಿಗುತ್ತಿದೆ, ಯೋಚಿಸಿ.

ಪಂದ್ಯವೊಂದೇ ಅಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಕ್ಯೋಟೋದ ಹಳೆಯ ಮರದ ಮಂದಿರದಲ್ಲಿ ಪ್ರದರ್ಶನದ ಕೂಟವೂ ಸೇರುತ್ತದೆ. ಇಳಿವಯಸ್ಸಿನ ಗುರುಗಳೂ ಕವಚ ತೊಟ್ಟು ಎದುರುಬದುರು ನಿಲ್ಲುತ್ತಾರೆ. ಅಲ್ಲಿ ಸೋಲು-ಗೆಲುವು ಸಾರುವುದಿಲ್ಲ. ಇಷ್ಟು ವರ್ಷದ ಸಾಧನೆ ಎಲ್ಲಿಗೆ ಬಂದಿದೆ ಎಂಬುದನ್ನು ಮಾತ್ರ ನೋಡುತ್ತಾರೆ. ಆ ಎರಡು ನಿಮಿಷದ ಹಿಂದೆ ನಲವತ್ತು, ಐವತ್ತು ವರ್ಷಗಳ ತಾಲೀಮು ಇರುತ್ತದೆ. ಪ್ರದರ್ಶನವೆಂದರೆ ಅದು.

ಇಂಥ ಶಿಸ್ತು ನಮ್ಮಲ್ಲಿ ಇಲ್ಲವೆಂದಲ್ಲ. ಮೈಸೂರಿನ ವಿಜಯದಶಮಿಯ ವಜ್ರಮುಷ್ಟಿ ಕಾಳಗದಲ್ಲಿ ಒಬ್ಬ ಜಟ್ಟಿಯ ತಲೆಯಲ್ಲಿ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಆ ಒಂದು ಗಳಿಗೆಗಾಗಿ ಜಟ್ಟಿಗಳು ಗರಡಿಯಲ್ಲಿ ದಿನಗಟ್ಟಲೆ ಬೆವರಿಳಿಸುತ್ತಾರೆ. ನಾವು ಬಾಳುವ ಈ ಮಹಾರಾಷ್ಟ್ರದಲ್ಲಿ 2024ರಲ್ಲಿ ದಂಡಪಟ್ಟವನ್ನು ರಾಜ್ಯದ ಆಯುಧವೆಂದು ಸರಕಾರ ಸಾರಿತು. ಗೌರವ ಸಂದದ್ದು ಸಂತೋಷ. ಆದರೆ ಪಟ್ಟ ಉಳಿಯುವುದು ಸರಕಾರದ ಕಾಗದದಿಂದಲ್ಲ, ಅದನ್ನು ದಿನವೂ ತಿರುಗಿಸುವ ಕೈಗಳಿಂದ.

ನಾವು ಕಾರಕೂನರು, ಪಾಳಿಯ ಕೆಲಸಗಾರರು. ಹಗಲೆಲ್ಲ ಮೇಜಿಗೆ ಬಾಗಿದ ಬೆನ್ನು ಕೆಲವರದು, ಯಂತ್ರದ ಮುಂದೆ ನಿಂತು ಸೋತ ಕಾಲು ಕೆಲವರದು. ಊರ ಗರಡಿಯ ಕೆಮ್ಮಣ್ಣು ಮೈಗೆ ಹತ್ತಿಸಿಕೊಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಕೈಯಲ್ಲಿರುವ ವರಸೆ ಇಲ್ಲಿ ಹುಟ್ಟಿದ ಮಕ್ಕಳ ಕೈಗೆ ಬರದಿದ್ದರೆ ಅವರೊಂದಿಗೇ ಹೋಗುತ್ತದೆ. ಪುಸ್ತಕದ ಕಪಾಟಿನಲ್ಲಿ ಅದನ್ನು ಕಾಯ್ದಿಡಲು ಬಾರದು.

ಆದ್ದರಿಂದ ನಮ್ಮ ಸೂಚನೆ ಇಷ್ಟು. ವಾರಕ್ಕೆ ಎರಡು ಸಂಜೆ, ಪಾಳಿ ನೋಡಿಕೊಂಡು, ಒಂದೊಂದು ತಾಸು ತಾಲೀಮು ನಡೆಯಲಿ. ಕತ್ತಿ ಬೇಡ, ಬೆತ್ತ ಸಾಕು. ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳೂ ಬರಲಿ. ಆರಂಭಕ್ಕೊಮ್ಮೆ, ಕೊನೆಗೊಮ್ಮೆ ಎದುರಾಳಿಗೆ ಕೈಮುಗಿಯಲಿ. ಹಿರಿಯರೊಬ್ಬರು ಪಂಚರಾಗಿರಲಿ, ಸೋತವರನ್ನು ನೋಡಿ ನಕ್ಕವರಿಗೆ ಆ ದಿನ ಆಟವಿಲ್ಲ. ನವೆಂಬರ್ 1ಕ್ಕೆ ಮಕ್ಕಳು ಸಿದ್ಧರಾದರೆ ಪ್ರದರ್ಶನ ಇಡೋಣ. ಆಗದಿದ್ದರೆ ಬರುವ ವರ್ಷಕ್ಕೆ ಹಾಕೋಣ. ಪ್ರದರ್ಶನ ತಡವಾದರೆ ನಷ್ಟವಿಲ್ಲ, ತಾಲೀಮು ಮಾತ್ರ ನಿಲ್ಲಬಾರದು.

ಕಲಿಸಬಲ್ಲ ಹಿರಿಯರು ಸಭೆ ಮುಗಿದ ಕೂಡಲೇ ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ತಮ್ಮ ಹೆಸರು, ಪಾಳಿಯ ಹೊತ್ತು ಬರೆಯಬೇಕೆಂದು ಬೇಡಿಕೊಳ್ಳುತ್ತೇವೆ.